ಫಲಕವಿಲ್ಲದ ದಾನ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ರೋಗಿಯನ್ನು ಕಂಡು ಹೇಸದಿರುವುದು ಅದರ ಒಂದು ತಾತ್ಪರ್ಯ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದಕ್ಕೆ ಉದ್ದಾಯನ ರಾಜನನ್ನು ನಿದರ್ಶನವಾಗಿ ಹೆಸರಿಸಿದ್ದಾರೆ. ರೋಗಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ಕಾರಿಕೊಂಡಾಗ, ಅರಸನು ತಾನಿತ್ತ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ತನ್ನನ್ನೇ ಹಳಿದುಕೊಂಡನಂತೆ. ಬಾಲ್ಯದಿಂದ ಈ ಕಥೆಯನ್ನು ಕೇಳಿದ್ದ ಒಂಟಿಕೊಪ್ಪಲಿನ ಶ್ರಾವಿಕೆಯೊಬ್ಬರಿಗೆ ಅದರ ಅರ್ಥವಾದದ್ದು ಒಬ್ಬ ಬಾಲಕನಿಂದ.

ನಿವೃತ್ತ ಶಿಕ್ಷಕಿಯಾದ ಅವರು, ಎಚ್‌.ಐ.ವಿ. ಸೋಂಕಿನೊಡನೆ ಬಾಳುತ್ತಿರುವ ಮಕ್ಕಳಿಗೆ ವಾರಕ್ಕೆರಡು ದಿನ ಪಾಠ ಹೇಳಲು ಸ್ವಯಂಸೇವಕಿಯಾಗಿ ಹೋದರು. ಮೊದಲ ದಿನ ಬಾಲಕನೊಬ್ಬ ತನ್ನ ಚಕ್ಕುಲಿಯನ್ನು ಮುರಿದು ಅರ್ಧವನ್ನು ಅವರತ್ತ ಚಾಚಿದ. ಸ್ಪರ್ಶದಿಂದಾಗಲಿ, ಹಂಚಿ ತಿನ್ನುವುದರಿಂದಾಗಲಿ ಈ ಸೋಂಕು ಹರಡದೆಂದು ಅವರು ಬಲ್ಲರು. ಆದರೂ ಕ್ಷಣಕಾಲ ಕೈ ಮುಂದಾಗಲಿಲ್ಲ. “ಬೇಡದಿದ್ದರೆ ಬಿಡಿ ಮಿಸ್” ಎಂದು ಹುಡುಗ ಕೈ ಹಿಂತೆಗೆದುಕೊಂಡ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅವನಿಗೆ ಅದು ರೂಢಿಯಾಗಿತ್ತು.

ಆ ರಾತ್ರಿಯ ಪ್ರತಿಕ್ರಮಣದಲ್ಲಿ ಅವರ ಮನಸ್ಸು ಆ ಒಂದು ಕ್ಷಣದಲ್ಲಿಯೇ ನಿಂತಿತು. ಮುಂದಿನ ವಾರ ಅವರೇ ಕೈಯೊಡ್ಡಿ ಅವನ ತಿಂಡಿಯಲ್ಲಿ ಪಾಲು ಬೇಡಿದರು.

ಮೈಸೂರಿಗೆ ಈ ಸೇವೆ ಹೊಸದಲ್ಲ. 1997ರಲ್ಲಿ ಆರಂಭವಾದ ಆಶಾಕಿರಣ ಆಸ್ಪತ್ರೆ, ಈ ರೋಗದ ಹೆಸರೆತ್ತಲೂ ಜನ ಅಂಜುತ್ತಿದ್ದ ದಿನಗಳಲ್ಲಿಯೇ ರೋಗಿಗಳಿಗೆ ಬಾಗಿಲು ತೆರೆಯಿತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಎ.ಆರ್.ಟಿ. ಔಷಧ ನೀಡತೊಡಗಿತು. ಪ್ರತಿದಿನ ತಪ್ಪದೆ ಔಷಧ ಸೇವಿಸುವ ಮಗು ಇಂದು ಓದಿ, ಉದ್ಯೋಗ ಹಿಡಿದು, ಸಂಸಾರವನ್ನೂ ಹೂಡಬಹುದು. ಔಷಧ ಪದೇ ಪದೇ ತಪ್ಪಿದರೆ ವೈರಾಣು ಅದಕ್ಕೆ ಜಗ್ಗದಂತಾಗುತ್ತದೆ. ಆದುದರಿಂದ ಮಾತ್ರೆಯ ಹೊತ್ತನ್ನು ನೆನಪಿಸುವುದು, ತಂದೆತಾಯಿಯಿಲ್ಲದ ಮಗುವನ್ನು ಸಾಕುವ ಅಜ್ಜಿಯೊಡನೆ ಆಸ್ಪತ್ರೆಗೆ ಹೋಗುವುದು, ಇವೂ ವೈಯಾವೃತ್ಯವೇ. ಶಾಸ್ತ್ರವು ಅದನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿದೆ.

ಶ್ರಾವಿಕೆಯ ಮಾತು ಕೇಳಿ ಬಸದಿಯೊಂದರ ಆಡಳಿತ ಮಂಡಳಿ ಮಕ್ಕಳಿಗೆ ಪುಸ್ತಕ, ಪೌಷ್ಟಿಕ ಆಹಾರ ಕೊಡಲು ಮುಂದಾಯಿತು. ವಿತರಣಾ ಸಮಾರಂಭ ನಡೆಸಿ, ದಾನಿಗಳೊಡನೆ ಮಕ್ಕಳನ್ನು ನಿಲ್ಲಿಸಿ, ಭಾವಚಿತ್ರವನ್ನು ಪತ್ರಿಕೆಗೆ ಕಳುಹಿಸಬೇಕೆಂದೂ ತೀರ್ಮಾನವಾಯಿತು. ಶ್ರಾವಿಕೆ ಸಭೆಯಲ್ಲಿ ಎದ್ದು ನಿಂತರು: “ಆ ಚಿತ್ರವನ್ನು ಹುಡುಗನ ಶಾಲೆಯವರೂ ನೋಡುತ್ತಾರೆ, ಮನೆ ಬಾಡಿಗೆಗೆ ಕೊಟ್ಟವರೂ ನೋಡುತ್ತಾರೆ. ಪುಸ್ತಕ ಕೊಟ್ಟು ಶಾಲೆಯನ್ನೇ ಕಸಿದುಕೊಂಡಂತಾದೀತು.”

ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕನ್ನು ಬಹಿರಂಗಪಡಿಸುವುದನ್ನು 2017ರ ಎಚ್‌.ಐ.ವಿ. ಕಾಯಿದೆಯೂ ನಿಷೇಧಿಸುತ್ತದೆ, 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಆದರೆ ಶ್ರಾವಕನಿಗೆ ಕಾಯಿದೆಗೂ ಮೊದಲೇ ಉಪಗೂಹನದ ಉಪದೇಶವಿದೆ. ಇತರರ ದೋಷವನ್ನೇ ಬೀದಿಗೆಳೆಯಬಾರದೆಂದಾದರೆ, ಯಾವ ದೋಷವನ್ನೂ ಮಾಡದ ಮಗುವಿನ ರೋಗವನ್ನು ಸಾರಬಹುದೆ?

ದಾನಿಗಳಲ್ಲಿ ಇಬ್ಬರು ಬೇಸರದಿಂದ ಹಿಂದೆ ಸರಿದರು. ಉಳಿದವರ ಕಾಣಿಕೆಯಿಂದ ಪುಸ್ತಕಗಳು ಜೂನ್ ತಿಂಗಳಿನಲ್ಲಿ ಸದ್ದಿಲ್ಲದೆ ಮಕ್ಕಳ ಕೈ ಸೇರಿದವು. ಬಸದಿಯ ಲೆಕ್ಕದ ಪುಸ್ತಕದಲ್ಲಿ ಮೊತ್ತವಿದೆ, ಹೆಸರುಗಳಿಲ್ಲ. ಆಹಾರ, ಔಷಧ, ಶಾಸ್ತ್ರದಾನಗಳನ್ನು ಹಣದಿಂದ ಮಾಡಬಹುದು. ನಾಲ್ಕನೆಯದಾದ ಅಭಯದಾನಕ್ಕೆ, ದಾನಿಯು ತನ್ನ ಹೆಸರಿನ ಆಸೆಯನ್ನೂ ತೊರೆಯಬೇಕಾಗುತ್ತದೆ.