ಎಷ್ಟು ತಗ್ಗಿಸಬೇಕು?

2012ರಲ್ಲಿ ಹೊರಬಂದ ಟೊಯೋಟಾ ಜಿಟಿ86ರಂತಹ, ಮುಂಗಾಲಿಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಉಳ್ಳ ಸ್ಪೋರ್ಟ್ಸ್ ಕಾರನ್ನು ನೆಲಕ್ಕೆ ಇನ್ನಷ್ಟು ಸಮೀಪಕ್ಕೆ ಇಳಿಸಬೇಕೆಂಬ ಬಯಕೆ ಅದರ ಒಡೆಯನಲ್ಲಿ ಅಂಕುರಿಸುವುದು ಸಹಜವೇ ಸರಿ. ಗುರುತ್ವಕೇಂದ್ರವು ಕೆಳಗಿಳಿದಷ್ಟೂ ತಿರುವಿನಲ್ಲಿ ಹೊರಗಾಲಿಗಳ ಮೇಲೆ ಸರಿಯುವ ಭಾರವು ಕಡಮೆಯಾಗುವುದೆಂಬುದು ನಿರ್ವಿವಾದ. ಆದರೆ ಇಲ್ಲೊಂದು ಸೂಕ್ಷ್ಮವುಂಟು. ಕಾರನ್ನು ತಗ್ಗಿಸಿದಂತೆಲ್ಲ ಲೋವರ್ ಆರ್ಮಿನ ಗಾಲಿಯ ಕಡೆಯ ತುದಿ ಮೇಲೇರುತ್ತ ಹೋಗಿ, ಒಡಲು ಯಾವ ಬಿಂದುವನ್ನು ಆಧರಿಸಿ ವಾಲುವುದೋ ಆ ರೋಲ್ ಸೆಂಟರು ಗುರುತ್ವಕೇಂದ್ರಕ್ಕಿಂತಲೂ ಶೀಘ್ರವಾಗಿ ಕೆಳಗಿಳಿಯುವುದು. ಇವೆರಡರ ನಡುವಣ ಅಂತರವೇ ಸನ್ನೆಕೋಲಾಗಿ ಪರಿಣಮಿಸುವುದರಿಂದ, ಸ್ಪ್ರಿಂಗನ್ನು ತಕ್ಕಷ್ಟು ಬಿಗಿಗೊಳಿಸದ ಹೊರತು, ವಾಲದಿರಲೆಂದು ತಗ್ಗಿಸಿದ ಕಾರು ಮೊದಲಿಗಿಂತಲೂ ಅಧಿಕವಾಗಿ ವಾಲತೊಡಗುವುದು. ಚಲನೆಗೆ ಎಡೆಯುಳಿಯದ ಸ್ಟ್ರಟ್ಟು ತಿರುವಿನ ನಡುವೆ ಬಂಪ್ ಸ್ಟಾಪಿಗೆ ಬಡಿದು ಟೈರಿನ ಹಿಡಿತವು ಥಟ್ಟನೆ ಸಡಿಲುವುದಂತೂ ನಿಜವಾಗಿಯೂ ಭಯಾವಹ. ಕ್ಯಾಂಬರ್ ಹೆಚ್ಚಿ ಟೈರಿನ ಒಳಅಂಚು ಸವೆಯುವುದು ಇದರ ಮುಂದೆ ಅಲ್ಪ ನಷ್ಟ.

ಸಾಧಾರಣ ರಸ್ತೆಯಲ್ಲಿ ಓಡುವ ಕಾರಿಗೆ 20 ಅಥವಾ 25 ಮಿಲಿಮೀಟರು ಧಾರಾಳವಾಗಿ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನೂ ಮೀರಿ ತಗ್ಗಿಸುವ ಸಂಕಲ್ಪವುಳ್ಳವರು ರೋಲ್ ಸೆಂಟರನ್ನು ಮೇಲಕ್ಕೆತ್ತುವ ನೀಳವಾದ ಬಾಲ್ ಜಾಯಿಂಟುಗಳನ್ನು ಮೊದಲು ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡೇ ರಸ್ತೆಗಿಳಿಯತಕ್ಕದ್ದು.