ಪುಟ್ಟೀ, ಆ ಲ್ಯಾಪ್‌ಟಾಪ್ ಮುಚ್ಚಿ ಮಲಗು

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜನ್ನು ಬೆಳಿಗ್ಗೆ ಹಾಲು ಕಾಯಿಸುತ್ತಾ ಕೇಳಿದೆ. ಏಳು ನಿಮಿಷ! ಅದರಲ್ಲಿ ನಾಲ್ಕು ನಿಮಿಷ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೇ ಹೋಯಿತು, ಇರಲಿ ಬಿಡು. ಕೊನೆಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದೆಯಲ್ಲ, "ಅಕ್ಕಾ, ಇವತ್ತು ಇಡೀ ದಿನ ನಾನು ಏನೂ ಮಾಡಲಿಲ್ಲ" ಅಂತ. ಅದೊಂದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ನಿನ್ನ ದನಿ ಅಷ್ಟು ಸೋತಿದ್ದು ನಾನು ಕಂಡ ಹಾಗೆ ಇದೇ ಮೊದಲು.

ಇಲ್ಲಿ ತಿಪಟೂರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಮ್ಮನ ಮಂಡಿನೋವು ಮೊದಲಿಗಿಂತ ವಾಸಿ. ಚಿಕ್ಕಮ್ಮ ಮೊನ್ನೆ ಕೊಬ್ಬರಿ ಒಡೆಯುವವರಿಗೆ ಕಾಫಿ ಕೊಡುತ್ತಾ ಊರಿಗೆಲ್ಲ ಹೇಳಿದ್ದೇ ಹೇಳಿದ್ದು, "ನಮ್ಮ ಹುಡುಗಿ ಲೀಡ್ ಆಗಿದ್ದಾಳೆ" ಅಂತ. ಆಮೇಲೆ ಒಳಗೆ ಬಂದು ನನ್ನ ಕಿವಿಯಲ್ಲಿ, "ಲೀಡ್ ಅಂದರೆ ಏನೇ? ಕ್ಲಾಸ್ ಮಾನಿಟರ್ ಥರಾನಾ?" ಅಂತ ಕೇಳಿದರು. ನೀನು ಐದನೇ ಕ್ಲಾಸಿನಲ್ಲಿ ಮಾತಾಡುವವರ ಹೆಸರನ್ನೆಲ್ಲ ಬೋರ್ಡಿನ ಮೇಲೆ ಬರೆದು, ಕೊನೆಗೆ ನಿನ್ನ ಹೆಸರನ್ನೂ ಬರೆದುಕೊಂಡು ಅತ್ತಿದ್ದೆಯಲ್ಲ, ಅದನ್ನು ನೆನೆಸಿಕೊಂಡು ನಾವಿಬ್ಬರೂ ನಕ್ಕೆವು. ಅದಾದ ಮೇಲೆ ಚಿಕ್ಕಮ್ಮ ಇನ್ನೊಂದು ಮಾತು ಹೇಳಿದರು. ನಿನ್ನ ವಾಟ್ಸಾಪ್ ರಾತ್ರಿ ಎರಡು ಗಂಟೆಗೂ ಆನ್‌ಲೈನ್ ತೋರಿಸುತ್ತದಂತೆ. ಅವರಿಗೂ ನಿದ್ದೆಯಿಲ್ಲ ಅಂತ ಇದರ ಅರ್ಥ. ಗೊತ್ತಾಯಿತಾ?

ನೀನು ರಾತ್ರಿ ಏನು ಮಾಡುತ್ತೀಯ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಹಗಲೆಲ್ಲ ಸ್ಟ್ಯಾಂಡಪ್ಪು, ಫೌಂಡರ್ ಜೊತೆ ಮೀಟಿಂಗು, ಯಾರದ್ದೋ ಇಂಟರ್‌ವ್ಯೂ, ಇನ್ಯಾರದ್ದೋ ಅಳು. ಒಂದು ಸಾಲು ಕೋಡೂ ಬರೆದಿರುವುದಿಲ್ಲ. ರೂಮಿಗೆ ಬಂದ ಮೇಲೆ ಆ ಖಾಲಿತನ ತುಂಬಿಕೊಳ್ಳಲು ಲ್ಯಾಪ್‌ಟಾಪ್ ತೆಗೆಯುತ್ತೀಯ. ತಂಡದ ಯಾರೋ ಅರ್ಧ ಮಾಡಿಟ್ಟ ಕೆಲಸವನ್ನು ಎಳೆದುಕೊಂಡು ಮುಗಿಸಿ ಮಲಗುತ್ತೀಯ. ಆಗ ಮಾತ್ರ ದಿನ ಸಾರ್ಥಕ ಅನಿಸುತ್ತದೆ. ಹೌದಾ?

ಇಂಟೆಲ್ ಕಂಪನಿಯ ಆ್ಯಂಡಿ ಗ್ರೋವ್ 1983ರಲ್ಲಿ 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್' ಅನ್ನುವ ಪುಸ್ತಕ ಬರೆದರು. ತಂಡ ನಡೆಸುವವರ ದುಡಿಮೆಯನ್ನು ಅವರ ಸ್ವಂತ ಕೈಕೆಲಸದಿಂದ ಅಳೆಯಬಾರದು, ಅವರ ತಂಡವೂ ಅವರ ಮಾತು ತಲುಪುವ ಅಕ್ಕಪಕ್ಕದ ತಂಡಗಳೂ ಏನು ಮಾಡಿದವು ಅನ್ನುವುದರಿಂದ ಅಳೆಯಬೇಕು ಅನ್ನುವುದು ಅದರ ತಿರುಳು. ಓದುವಾಗ ಒಪ್ಪಿಗೆಯಾಗುತ್ತದೆ, ಸಂಜೆ ಏಳಕ್ಕೆ ಆಫೀಸಿನಿಂದ ಹೊರಡುವಾಗ ಒಪ್ಪಿಗೆಯಾಗುವುದಿಲ್ಲ. ಕೈಗೆ ಅದರದ್ದೇ ಒಂದು ಹಸಿವು ಇರುತ್ತದೆ. ಆ ಹಸಿವಿನಲ್ಲಿ ನಾನು ಮಾಡಿದ ಒಂದು ಕೆಲಸವನ್ನು ನಿನಗೆ ಹೇಳಲೇಬೇಕು. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಾನು ಲೀಡ್ ಆದ ಹೊಸತು. ಪೇಮೆಂಟ್ ಫೇಲ್ ಆದರೆ ಮತ್ತೆ ಪ್ರಯತ್ನಿಸುವ ಭಾಗವನ್ನು ತಂಡದ ಒಬ್ಬ ಹುಡುಗ ಒಂಬತ್ತು ದಿನ ಕೂತು ಬರೆದಿದ್ದ. ಚೆನ್ನಾಗಿರಲಿಲ್ಲ, ಆದರೆ ತಿದ್ದಬಹುದಿತ್ತು. ಶುಕ್ರವಾರ ರಾತ್ರಿ ನಾನೇ ಅದನ್ನು ಪೂರಾ ಹೊಸದಾಗಿ ಬರೆದು ಮರ್ಜ್ ಮಾಡಿಬಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಸೋಮವಾರ ಅವನು ಬಂದು ಬ್ಯಾಗ್ ಕೂಡ ಇಳಿಸದೆ ಸ್ಕ್ರೀನ್ ತೆರೆದ. ಅವನು ಬರೆದದ್ದೆಲ್ಲ ಕೆಂಪು, ನಾನು ಬರೆದದ್ದೆಲ್ಲ ಹಸಿರು. ನಿಧಾನವಾಗಿ ಸ್ಕ್ರೋಲ್ ಮಾಡುತ್ತಾ ಕೊನೆಯ ಸಾಲಿನವರೆಗೂ ನೋಡಿದ. ನನ್ನ ಕಡೆ ತಿರುಗಿ "ಥ್ಯಾಂಕ್ಸ್" ಅಂದ. ಅಷ್ಟೇ. ಅವತ್ತಿನಿಂದ ಅವನು ಏನನ್ನೂ ಪೂರ್ತಿ ಯೋಚಿಸಿ ಬರೆಯಲಿಲ್ಲ. "ಹೇಗಿದ್ದರೂ ನೀವು ನೋಡ್ತೀರಲ್ಲ" ಅನ್ನುತ್ತಿದ್ದ. ನಾಲ್ಕು ತಿಂಗಳಲ್ಲಿ ಬೇರೆ ಕಡೆ ಹೋದ. ಆ ಕೆಂಪು ಸಾಲುಗಳು ಈಗಲೂ ನನ್ನ ಕಣ್ಣ ಮುಂದೆ ಬರುತ್ತವೆ ಪುಟ್ಟಿ.

ನಾನು ಹಾಗೆ ಮಾಡಬಾರದಿತ್ತು ಅಂತ ಹೆಚ್ಚು ನೋವಾಗುವುದಕ್ಕೆ ಕಾರಣವಿದೆ. ಅದಕ್ಕೂ ಮುಂಚೆ, ಹಳೆಯ ಕೆಲಸದಲ್ಲಿ, ನನ್ನ ಜೊತೆ ಒಬ್ಬರು ಹೇಗೆ ನಡೆದುಕೊಂಡಿದ್ದರು ಅಂತ ನಾನು ಕಂಡಿದ್ದೆ. ಒಂದು ರಾತ್ರಿ ಆರ್ಡರ್‌ಗಳ ದೊಡ್ಡ ಟೇಬಲ್ಲಿಗೆ ಇಂಡೆಕ್ಸ್ ಹಾಕಲು ಹೋಗಿ, ಅದು ಮುಗಿಯುವವರೆಗೂ ಹೊಸದೇನೂ ಬರೆಯಲಾಗದ ಹಾಗೆ ಟೇಬಲ್ಲನ್ನೇ ಕಟ್ಟಿಹಾಕಿಬಿಟ್ಟಿದ್ದೆ. ಹೊಸ ಆರ್ಡರ್ ಒಂದೂ ಒಳಗೆ ಬರುತ್ತಿಲ್ಲ. ಕೈ ನಡುಗುತ್ತಿತ್ತು. ನಮ್ಮ ಸೀನಿಯರ್ ಸ್ಕೂಟರಿನಲ್ಲಿ ಬಂದರು, ಪಕ್ಕದ ಕುರ್ಚಿ ಎಳೆದು ಕೂತರು, ಎರಡೂ ಕೈಗಳನ್ನು ಜರ್ಕಿನ್ ಜೇಬಿನೊಳಗೆ ಇಟ್ಟುಕೊಂಡರು. "ಈಗ ಏನು ಕಾಣಿಸ್ತಿದೆ, ಜೋರಾಗಿ ಓದಮ್ಮ" ಅಂದರು. ಓದಿದೆ. "ಇದನ್ನ ನಿಲ್ಲಿಸಿದರೆ ಏನು ಕಳಕೊಳ್ತೀವಿ?" ಯೋಚಿಸಿ, "ಏನೂ ಇಲ್ಲ, ಇಂಡೆಕ್ಸ್ ಮತ್ತೆ ಹಾಕಬಹುದು" ಅಂದೆ. "ಹಾಗಾದರೆ?" ನಿಲ್ಲಿಸಿದೆ. ಆರ್ಡರ್‌ಗಳು ಬರತೊಡಗಿದವು. ಅವರಾಗಿದ್ದರೆ ಒಂದು ನಿಮಿಷದ ಕೆಲಸ, ನನಗೆ ಹತ್ತು ನಿಮಿಷ ಹಿಡಿಯಿತು. ಮಧ್ಯರಾತ್ರಿ ಕಳೆದಿತ್ತು, ಆರ್ಡರ್ ಕಡಿಮೆ, ಆ ಹತ್ತು ನಿಮಿಷ ಕೊಡಬಹುದು ಅಂತ ಲೆಕ್ಕ ಹಾಕಿಯೇ ಅವರು ಜೇಬಿನಿಂದ ಕೈ ತೆಗೆದಿರಲಿಲ್ಲ. ಹಗಲು ಹನ್ನೆರಡಾಗಿದ್ದರೆ ಕೀಬೋರ್ಡ್ ಕಿತ್ತುಕೊಳ್ಳುತ್ತಿದ್ದರು, ಅದೂ ಸರಿಯೇ. ನೀನು ಕಲಿಯಬೇಕಾಗಿರುವುದು ಈ ಲೆಕ್ಕ.

ತಪ್ಪಿನ ಮಾತು ಬಂತಲ್ಲ, ಗಿಟ್‌ಲ್ಯಾಬ್ ಕಂಪನಿಯ ಕಥೆ ನಿನಗೆ ಗೊತ್ತಿರಬಹುದು. 2017ರ ಜನವರಿ 31. ತಡರಾತ್ರಿಯವರೆಗೆ ದುಡಿಯುತ್ತಿದ್ದ ಒಬ್ಬ ಇಂಜಿನಿಯರ್, ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸತೊಡಗಿದರು. ಕ್ಷಣದಲ್ಲಿ ಗೊತ್ತಾಗಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಬ್ಯಾಕಪ್ ನೋಡಿದರೆ ಅವೂ ಇಲ್ಲ. ವರ್ಷನ್ ಹೊಂದಿಕೆಯಾಗದೆ ಬ್ಯಾಕಪ್ ಕೆಡುತ್ತಲೇ ಇತ್ತು, ಕೆಟ್ಟಿದೆ ಎಂದು ತಿಳಿಸಬೇಕಿದ್ದ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಆ ಕಂಪನಿ ಏನು ಮಾಡಿತು ಗೊತ್ತಾ? ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ಎಲ್ಲರಿಗೂ ಕಾಣುವಂತೆ ನೇರಪ್ರಸಾರ ಮಾಡಿತು. ಅಳಿಸಿದವರನ್ನು ಕೆಲಸದಿಂದ ತೆಗೆಯಲಿಲ್ಲ. ಯಾರು ಅಳಿಸಿದರು ಅನ್ನುವುದಕ್ಕಿಂತ, ಆ ಇಮೇಲ್ ಯಾಕೆ ತಲುಪಲಿಲ್ಲ ಅನ್ನುವುದು ಎಷ್ಟು ದೊಡ್ಡ ಪ್ರಶ್ನೆ ನೋಡು. ನಿನ್ನ ತಂಡದಲ್ಲಿ ಏನಾದರೂ ಬಿದ್ದ ದಿನ ನೀನು ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ಆ ಮಕ್ಕಳು ಕಾಯುತ್ತಿರುತ್ತಾರೆ. ಮುಂದಿನ ಸಲ ನಿನ್ನ ಹತ್ತಿರ ನಿಜ ಹೇಳಬೇಕೋ ಮುಚ್ಚಿಡಬೇಕೋ ಅಂತ ಅವತ್ತೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ನಿಮ್ಮ ಫೌಂಡರ್ ಬಗ್ಗೆ ಹೇಳಿದ್ದು ಕೇಳಿ ಸಂಕಟವಾಯಿತು. "ದೀಪಾವಳಿಗೆ ಮುಗಿಯಲೇಬೇಕು, ಇನ್ನಿಬ್ಬರನ್ನು ಕೊಡ್ತೀನಿ" ಅಂದರಂತೆ, ನೀನು ತಲೆಯಾಡಿಸಿ ಬಂದೆಯಂತೆ. ಯಾಕೆ ತಲೆಯಾಡಿಸಿದೆ ಕಂದಾ? ಐಬಿಎಂನಲ್ಲಿ ಓಎಸ್/360 ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು: ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಲೆಕ್ಕ ಸರಳ. ನೀವು ನಾಲ್ವರಿದ್ದಾಗ ಒಬ್ಬರಿಗೊಬ್ಬರು ಮಾತಾಡುವ ಜೋಡಿ ಆರು, ಆರು ಜನರಾದರೆ ಹದಿನೈದು. ಹೊಸಬರಿಗೆ ಹೇಳಿಕೊಡುವವರು ಯಾರು? ಈಗ ಕೆಲಸ ಮಾಡುತ್ತಿರುವವರೇ ತಾನೇ. ಈ ಜೋಡಿ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. "ದೀಪಾವಳಿಗೆ ಇಷ್ಟು ಖಂಡಿತ ಕೊಡ್ತೀವಿ, ಉಳಿದದ್ದರಲ್ಲಿ ಯಾವುದು ಬಿಡೋಣ ನೀವೇ ಹೇಳಿ" ಅನ್ನು. ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ, ನನಗೂ ಆಗುತ್ತಿತ್ತು. ಆದರೂ ಹೇಳು. ನೀನು ಅಲ್ಲಿ ಬಾಯಿ ಮುಚ್ಚಿದರೆ ನಿನ್ನ ತಂಡದ ಉಳಿದ ಮೂವರ ನಿದ್ದೆ ಹೋಗುತ್ತದೆ.

ಮೀಟಿಂಗಿನ ನೋಟ್ಸ್ ಬರೆಯುವುದು, ಬರ್ತ್‌ಡೇ ಕೇಕ್ ತರಿಸುವುದು ಎಲ್ಲ ನಿನ್ನ ತಲೆಗೇ ಬರುತ್ತಿದೆ ಅಂದೆ. ಅದನ್ನು ಸರದಿಯಲ್ಲಿ ಹಂಚು. ಟಾನ್ಯಾ ರೈಲಿ ಅನ್ನುವ ಇಂಜಿನಿಯರ್ ಇಂಥ, ತಂಡವನ್ನು ಅಂಟಿಸಿ ಹಿಡಿಯುವ ಕೆಲಸವನ್ನೇ 'ಗ್ಲೂ ವರ್ಕ್' ಎಂದು ಕರೆದು ಒಂದು ಒಳ್ಳೆಯ ಉಪನ್ಯಾಸ ಕೊಟ್ಟಿದ್ದಾರೆ. ಹೆಣ್ಣುಮಕ್ಕಳು ತಪ್ಪದೇ ಕೇಳಬೇಕು.

ಈಗ ಆ ಬೀದರಿನ ಹುಡುಗನ ವಿಷಯ. ಸ್ಟ್ಯಾಂಡಪ್ಪಿನಲ್ಲಿ ಬಾಯೇ ಬಿಡುವುದಿಲ್ಲ, ಆಸಕ್ತಿ ಇಲ್ಲವೇನೋ ಅಂದೆಯಲ್ಲ, ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಮೀಟಿಂಗ್ ಎಲ್ಲ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷು. ಅವನು ಮನಸ್ಸಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಸರದಿ ಮುಂದೆ ಹೋಗಿರುತ್ತದೆ. ನೀನೂ ಮೊದಲ ವರ್ಷ ಹೀಗೇ ಇದ್ದೆ, ಬಾತ್‌ರೂಮಿನಲ್ಲಿ ಕೂತು ನನಗೆ ಫೋನ್ ಮಾಡುತ್ತಿದ್ದೆ. ಮರೆತೆಯಾ? ಒಂದು ಸಂಜೆ ಅವನನ್ನು ಕೆಳಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗು. ಲ್ಯಾಪ್‌ಟಾಪ್ ಬೇಡ. ಕನ್ನಡದಲ್ಲಿ ಕೇಳು, ಆಮೇಲೆ ಸುಮ್ಮನಿರು. ನಿನಗೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಗೊತ್ತು, ಆದರೂ ಇರು. ನನ್ನ ತಂಡದಲ್ಲಿ ಆ ಕಡೆಯ ಒಬ್ಬಳಿದ್ದಳು. ಮೂರು ವಾರ ಮಾತಿಲ್ಲ. ಟೀ ಲೋಟ ಖಾಲಿಯಾಗುವ ಹೊತ್ತಿಗೆ, "ಮೇಡಂ, ಆ ಡಿಸೈನ್ ನಡಿಯಂಗಿಲ್ರಿ" ಅಂದಳು. ಯಾಕೆ ಅಂತ ಅಂಗಡಿಯ ಬೆಂಚಿನ ಮೇಲೆ ಬೆರಳಿನಲ್ಲೇ ಗೆರೆ ಎಳೆದು ತೋರಿಸಿದಳು. ಅವಳು ಹೇಳಿದ್ದು ನಿಜವಾಗಿತ್ತು. ಮೂರು ವಾರದಿಂದ ಅದು ಅವಳಿಗೆ ಗೊತ್ತಿತ್ತು, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬಸ್ ಹತ್ತಿ ಬಾ. ಚಿಕ್ಕಮ್ಮ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದಾರೆ, ನನಗೆ ಮುಟ್ಟಲು ಬಿಡುತ್ತಿಲ್ಲ. ಹಳೇ ಸ್ಟೀಲ್ ಡಬ್ಬಿಗಳನ್ನು ವಾಪಸ್ ತಾ, ಐದು ನಿನ್ನ ಹತ್ತಿರವೇ ಇವೆಯಂತೆ, ಲೆಕ್ಕ ಇಟ್ಟಿದ್ದಾರೆ.

ಹಾಂ, ಗುರುವಾರ ನಿಮ್ಮದೊಂದು ಡಿಪ್ಲಾಯ್ ಇದೆ ಅಂದೆಯಲ್ಲ. ಅದನ್ನು ಆ ಬೀದರಿನ ಹುಡುಗನ ಕೈಯಲ್ಲಿ ಮಾಡಿಸು. ನೀನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರು. ಮುಗಿದ ಮೇಲೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು, ಎದ್ದಿರುತ್ತೇನೆ. ಏನಾಯಿತು ಅಂತ ಆಮೇಲೆ ಹೇಳುವೆಯಂತೆ. ಅಷ್ಟು ಹೊತ್ತೂ ನಿನ್ನ ಕೈಗಳನ್ನು ಎಲ್ಲಿ ಇಟ್ಟುಕೊಂಡಿದ್ದೆ ಅನ್ನುವುದನ್ನು ಮೊದಲು ಹೇಳು.

ನಿನ್ನ
ಅಕ್ಕ