ಕರಿಯನ ಬೋಗುಣಿ

ಅಡಗು ತಿನ್ನದ ಮನ್ಯಾಗ ಕೋಳಿ ಕುದಿಸಾಕಂತ ಒಂದು ಬ್ಯಾರೆ ಬೋಗುಣಿ ಐತಿ ಅಂದ್ರ ನೀವು ನಗ್ತೀರಿ. ನಮ್ಮ ಹಾನಗಲ್ಲ ಮನಿ ಹಿತ್ತಲದಾಗ, ಬಾವಿಕಟ್ಟಿ ಮಗ್ಗಲಕ ಬೋರಲ ಹಾಕಿರ್ತೇನಿ. ಹೋದ ತಿಂಗಳ ಸವಣೂರ ತಂಗಿ ಬಂದಾಕಿ ಅದನ್ನ ಎತ್ಕೊಂಡು, "ಅಕ್ಕಾ, ಇದ್ರಾಗ ಹಾಲು ಕಾಸ್ಲೇನ?" ಅಂದ್ಲು. ನಮ್ಮತ್ತಿ ಒದರಿದ ದನಿಗೆ ಬೋಗುಣಿ ಕೈಬಿಟ್ಲು, ಒಂದು ಕಡೆ ನೆಗ್ಗೇತಿ. ಅವತ್ತ ಬಸ್ಸಿಗೆ ಹೊತ್ತಾಗಿತ್ತು, ಆಕಿಗೆ ಪೂರಾ ಹೇಳಾಕ ಆಗ್ಲಿಲ್ಲ. ಓಣ್ಯಾಗಿನವ್ರೂ ಇಬ್ಬರು ಮೂವರು ಕೇಳ್ಯಾರ. ಅದಕ್ಕ ಬರ್ಯಾಕತ್ತೇನಿ.

ಕರಿಯ ನಮ್ಮ ಮನಿಗೆ ಬಂದಿದ್ದು ಒಂದು ಮಳಿಗಾಲದಾಗ, ಅಂಗೈಯಷ್ಟು ಮರಿ. ರೊಟ್ಟಿ, ಹಾಲು, ನುಚ್ಚು ತಿಂದು ಬೆಳೀತು. ಹುಚ್ಚುನಾಯಿ ರೋಗದ ಸೂಜಿ ಹಾಕಸಾಕ ಹೋದಾಗ ಪಶು ಆಸ್ಪತ್ರಿ ಡಾಕ್ಟರು ಪಕ್ಕಿ ಎಲುಬು ಮುಟ್ಟಿ ನೋಡಿ, "ಬರೇ ರೊಟ್ಟಿ ಸಾಲಂಗಿಲ್ಲ ಅಕ್ಕಾರ, ತತ್ತಿ, ಕೋಳಿ ಏನರ ಹಾಕ್ರಿ" ಅಂದ್ರು. ನಾ ಅತ್ತಿ ಮಾರಿ ನೆನಸ್ಕೊಂಡು ಸುಮ್ನಾದೆ. ಆದ್ರ ಅತ್ತಿ ತವರಮನಿದೇವ್ರು ಮೈಲಾರಲಿಂಗ. ದೇವರಗುಡ್ಡಕ್ಕ ವರ್ಷಾ ಹೋಗಾಕಿ. ಅಲ್ಲಿ ಗೊರವಯ್ಯಗೋಳು ದೇವ್ರ ನಾಯಿ ಅಂತ ಬೊಗಳಿ, ದೋಣ್ಯಾಗ ಬಾಯಿಟ್ಟು ಹಾಲು ಹಣ್ಣು ತಿನ್ನೂದನ್ನ ನೋಡಿದಾಕಿ ನಾಯಿ ಉಪಾಸ ಕೆಡವ್ಯಾಳೇನು? "ಹಾಕು. ಹೊಸ್ತಿಲ ಒಳಗ ಮಾತ್ರ ಬರಬಾರ್ದು" ಅಂದ್ಲು.

ಐತವಾರ ಮಗಾ ಕೋಳಿ ಅಂಗಡಿಯಿಂದ ಒಂದು ಚೀಲ ತಂದ. ಜನಾ ಒಲ್ಲೆ ಅಂದು ಬಿಟ್ಟಿದ್ದೆಲ್ಲಾ ಅದ್ರಾಗ ಇತ್ತು: ಲಿವರ್, ಗುಂಡಿಗಿ, ಕಾಳು ಅರಿಯೋ ಗಟ್ಟಿ ಚೀಲ, ಕುತ್ತಿಗಿ, ಕಾಲು, ಬೆನ್ನೆಲುಬು. ನಾ ಹುಟ್ಟಿದಾಗಿಂದ ಮುಟ್ಟಿದಾಕಿ ಅಲ್ಲ. ಮೂಗು ಕಟ್ಕೊಂಡು, ಮೂರು ಕಲ್ಲು ಹೂಡಿ, ಎಲ್ಲಾನೂ ಒಟ್ಟಿಗೆ ಬೋಗುಣ್ಯಾಗ ಹಾಕಿ ಒಂದು ತಾಸು ಕುದಿಸಿದೆ. ಹಸೀದು ಹೊಲಸು, ಕುದಿಸಿದ್ರ ಶುದ್ಧ, ಇದು ನಮ್ಮ ಅಡಗಿಮನಿ ಲೆಕ್ಕ. ಹಾಲು ಕಾಸಂಗಿಲ್ಲೇನು, ನೀರು ಕಾಸಂಗಿಲ್ಲೇನು? ಎಲುಬಿನಿಂದ ಮಾಂಸ ಬಿಡಿಬಿಡಿ ಆಗೂಮಟ ಕುದಿಸಿ, ನುಚ್ಚಿನಾಗ ಕಲಸಿ ಹಾಕಿದೆ. ಕರಿಯ ತಾಟು ನೆಕ್ಕಿದ್ದು ನೋಡಿ ನನಗ ಭಾಳ ಹೆಮ್ಮಿ.

ಮೂರನೇ ವಾರ ಕರಿಯ ಮಾವಿನ ಗಿಡದ ಕೆಳಗ ಕುಕ್ಕರಗಾಲಲೆ ಕುಂತು ಮುಕ್ಕರದ್ರೂ ಹಿಂದಕಡೆ ಆಗವಲ್ತು. ಕುಂಯಿಗುಟ್ಟೂದು, ತಿರುಗೂದು, ಮತ್ತ ಕುಂಡ್ರೂದು. ಎರಡನೇ ದಿನಾ ರಕ್ತದ ಹನಿ ಕಂಡ್ವು. ಮಗಾ ಊರಾಗ ಇದ್ದಿಲ್ಲ. ಮನಿಯವ್ರು ಹೊಲದಾಗ. ಮಗ್ಗಲಮನಿ ಆಪಾನ ಮಗಾ ಆಟೋ ತಂದ, ನಾ ಹಳೇ ಕೌದ್ಯಾಗ ಸುತ್ಕೊಂಡು ತೊಡಿಮ್ಯಾಲೆ ಹಾಕ್ಕೊಂಡು ಹೋದೆ. ಡಾಕ್ಟರು ಹೊಟ್ಟಿ ಒತ್ತಿ ನೋಡಿ, "ಕುದಿಸಿದ ಎಲುಬು ಹಾಕೀರೇನ್ರಿ?" ಅಂತ ಕೇಳಿದ್ರು. ಹೌದು ಅಂದೆ, ಅದೂ ಚೊಲೋತ್ನಾಗಿ ಕುದಿಸೇನಿ ಅಂತ ಸೇರಿಸಿದೆ! ಅವ್ರು ನಗಲಿಲ್ಲ. ಸುಣ್ಣದ ಗಡ್ಡಿ ಹಂಗ ಎಲುಬಿನ ಚೂರು ಗುದದ್ವಾರದ ಹತ್ರ ಗಂಟಾಗಿ ಕುಂತಿದ್ವು. ಎನಿಮಾ ಕೊಟ್ಟು, ಎಣ್ಣಿ ಹಚ್ಚಿ ಕೈಲೆ ತಗದ್ರು. ಕರುಳು ತೂತಾಗಿದ್ರ ಉಳೀತಿರ್ಲಿಲ್ಲ ಅಂದ್ರು. ನಾ ಬರೂಮುಂದ ದಾರ್ಯಾಗೆಲ್ಲಾ ಅತ್ತೆ. ಪ್ರೀತಿಲೆ ಕುದಿಸಿ ಕುದಿಸಿ ಕೊಲ್ಲಾಕ ಹೋಗಿದ್ನೆಲ್ಲ.

ಅವತ್ತ ಗೊತ್ತಾತು. ಹಸಿ ಎಲುಬಿನ್ಯಾಗ ಒಂದು ಜಿಗಿ ಇರ್ತೈತಿ, ಅದಕ್ಕ ಅದು ಬಾಗ್ತೈತಿ, ನಾಯಿ ಅಗದ್ರ ನುಗ್ಗಾಗ್ತೈತಿ. ಬೆಂಕಿ ತಾಗಿದ್ರ ಆ ಜಿಗಿ ಹೋಗಿ, ಎಲುಬು ಪೆಡಸಾಗಿ, ಸೀಳಿದ್ರ ಸೂಜಿ ಹಂಗ ಚೂಪಾಗಿ ಒಡೀತೈತಿ. ಬಿರ್ಯಾನಿ ಎಲುಬು, ಸಾರಿನ ಎಲುಬು, ಹುರಿದ ಕಾಲು, ಎಲ್ಲಾ ಒಂದ. ಗಂಟಲಾಗ ಸಿಗಬಹುದು, ಕರುಳು ಹರೀಬಹುದು. ಮ್ಯಾಲೆ ಸಾರಿನ್ಯಾಗ ಉಳ್ಳಾಗಡ್ಡಿ ಬಳ್ಳೊಳ್ಳಿ ಇರ್ತಾವು, ಅವು ನಾಯಿ ರಕ್ತದಾಗಿನ ಕೆಂಪು ಕಣ ಒಡೀತಾವು. ಒಂದು ಚೂರು ತಿಂದ್ರ ತಿಳಿಯಂಗಿಲ್ಲ, ದಿನಾ ಹಾಕಿದ್ರ ನಾಯಿ ಸುಸ್ತಾಗಿ ವಸಡಿ ಬೆಳ್ಳಗಾಗ್ತಾವು.

ಆಮ್ಯಾಲೆ ನಾಕ ತಿಂಗಳು ಹಸಿ ಕುತ್ತಿಗಿ ಹಾಕಿದೆ. ಅಂಗಡ್ಯಾಗಿನ ಬಾಯ್ಲರ್ ಕೋಳಿ ಆರು ವಾರದ್ದು ಇರ್ತೈತಿ, ಎಲುಬು ಎಳೇವು. ಜವಾರಿ ಕೋಳಿದು ಹಂಗಲ್ಲ, ವಯಸ್ಸಾದದ್ದು, ಗಟ್ಟಿ, ಅದನ್ನ ಹಸೀದೂ ಹಾಕಬಾರ್ದು ಅಂತ ಅನಸ್ತೈತಿ ನನಗ. ಕರಿಯಗ ಏನೂ ಆಗ್ಲಿಲ್ಲ. ಹಿರೇಕೆರೂರ ತವರಮನ್ಯಾಗ ನಮ್ಮಣ್ಣ ಫೋನಿನ್ಯಾಗ, "ಹೊಲದ ನಾಯಿ ಏನ್ ಬೇಕಾದ್ದು ತಿಂದು ಅರಗಿಸ್ಕೊಂತಾವು, ನೀ ಏನ್ ಕೂಸು ಜ್ವಾಪಾನ ಮಾಡ್ದಂಗ ಮಾಡ್ತಿ" ಅಂದ. ಗೊಂಜಾಳ ಹೊಲದಾಗ ಸತ್ತ ನಾಯಿ ಯಾತರಿಂದ ಸತ್ತೂವಂತ ಯಾರ ನೋಡ್ಯಾರ ಅಂತ ನಾ ಕೇಳಿದೆ. ಅದಕ್ಕ ಅಂವಾ ಮಾತು ಹೊಳ್ಳಿಸಿ ಮಳಿ ವಿಚಾರ ಕೇಳಿದ.

ಅಷ್ಟರಾಗ ಮಗಳು ಎಂಟು ತಿಂಗಳ ಕೂಸು ಕರ್ಕೊಂಡು ಬಂದ್ಲು. ಕೂಸು ಅಂಬೆಗಾಲು. ಒಂದಿನ ನಾ ರೊಟ್ಟಿ ಬಡಿಯೂಮುಂದ ಅತ್ತಿ "ಯವ್ವಾ ಬಾರ!" ಅಂತ ಒದರಿದ್ಲು. ಓಡಿಹೋದ್ರ, ಕರಿಯ ಹಸಿ ಕುತ್ತಿಗಿ ಕಚ್ಕೊಂಡು ಬಂದು ಪಡಸಾಲಿ ಮೆಟ್ಟಲ ಮ್ಯಾಲೆ ಅಗೀತಿತ್ತು. ನಮ್ಮ ಕೂಸು ಆ ಹಸಿ ಕಲಿಮ್ಯಾಲೆ ಅಂಗೈ ಊರಿ, ಕೈ ಬಾಯಿಗೆ ಒಯ್ಯಾಕತ್ತಿತ್ತು. ಎತ್ಕೊಂಡು ಹೋಗಿ ಸಾಬೂನಲೆ ಎರಡೂ ಕೈ ತೊಳದ್ವಿ. ದೇವ್ರ ದಯಾ, ಏನೂ ಆಗ್ಲಿಲ್ಲ. ಆದ್ರ ಮೂರು ದಿನಾ ಕೂಸಿನ ಹೇಲು ನೋಡೂದ ನಮ್ಮ ಕೆಲ್ಸ ಆಗಿತ್ತು.

ಹಸಿ ಕೋಳ್ಯಾಗ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಅನ್ನೂ ಹುಳಾ ಇರ್ತಾವು. ನಾಯಿ ಅವನ್ನ ತಿಂದು ಗಟ್ಟಿಮುಟ್ಟಾಗೇ ಇರಬಹುದು, ಅದರ ಹೇಲಿನ್ಯಾಗ, ಜೊಲ್ಲಿನ್ಯಾಗ ಬಂದು ನಮ್ಮ ಕೂಸಿಗೆ, ಬಸರಿ ಹೆಣ್ಮಕ್ಕಳಿಗೆ, ವಯಸ್ಸಾದವ್ರಿಗೆ ತಗಲ್ತಾವು. ಫ್ರಿಜ್ಜಿನ ಬರ್ಫಿನ್ಯಾಗ ಇಟ್ರ ಸಾಯ್ತಾವು ಅಂತ ಅನ್ಕೊಂಡಿದ್ದೆ. ಸಾಯಂಗಿಲ್ಲ. 74 ಡಿಗ್ರಿ ಬಿಸಿ ಒಳಗಿನಮಟ ಮುಟ್ಟಬೇಕು, ಅಂದ್ರ ಕುದಿ ಬರಬೇಕು. ನಾಯಿಗೂ ಎಲ್ಲಾ ಸಲಾ ಸುಖಾ ಇಲ್ಲ. 2018ರಾಗ ಆಸ್ಟ್ರೇಲಿಯಾದ ಮೆಲ್ಬೋರ್ನ್ ವಿಶ್ವವಿದ್ಯಾಲಯದವ್ರು ಹಿಂಗಾಲಿನಿಂದ ಸುರು ಆಗಿ ಮೈಯೆಲ್ಲಾ ಸೋತು ಬೀಳೂ ಒಂದು ರೋಗಕ್ಕೂ ಹಸಿ ಕೋಳಿ, ಅದ್ರಾಗೂ ಕುತ್ತಿಗಿ ತಿನ್ನೂದಕ್ಕೂ ಸಂಬಂಧ ಐತಿ ಅಂತ ತೋರಿಸಿದ್ರು. ನಾ ಪ್ರೀತಿಲೆ ಹಾಕಿದ್ದೂ ಕುತ್ತಿಗೀನ!

ಅವತ್ತಿಂದ ಎಲುಬು ಬಂದ್. ಹಸೀದೂ ಇಲ್ಲ, ಕುದಿಸಿದ್ದೂ ಇಲ್ಲ. ಅಂಗಡಿ ಭಾಯಿಗೆ ಹೇಳೇನಿ, ಬರೇ ಗುಂಡಿಗಿ, ಗಟ್ಟಿ ಚೀಲ, ಲಿವರ್ ಕೊಡು ಅಂತ. ಗಟ್ಟಿ ಚೀಲಾ ಸೀಳಿ ಒಳಗಿನ ಕಲ್ಲು, ಹಳದಿ ಪೊರಿ ತಗಸ್ಕೊಂಡ ತರೂದು. ಪಿತ್ತದ ಹಸರು ಚೀಲ ಇದ್ರ ಅದನ್ನೂ. ನೀರಿನ್ಯಾಗ ಜಾಲಸಾಕ ಹೋಗಬ್ಯಾಡ್ರಿ, ಸಿಡದ್ರ ಹುಳಾ ಸುತ್ತಲೂ ಹಾರ್ತಾವು. ನೇರ ಬೋಗುಣಿಗೆ. ಉಪ್ಪು, ಖಾರ, ಬಳ್ಳೊಳ್ಳಿ ಏನೂ ಇಲ್ಲ. ಕುದ್ದ ನೀರಿನ್ಯಾಗ ಜ್ವಾಳದ ನುಚ್ಚು ಹಾಕಿ ಮುಗಿಸ್ತೇನಿ. ಆ ವಾಸನಿಗೆ ಕರಿಯ ಮೂರು ಮನಿ ಆಚೆಯಿಂದ ಓಡಿ ಬರ್ತೈತಿ.

ಲಿವರ್ ಮಾತ್ರ ಅಳತಿಯಾಗ. ಗುಂಡಿಗಿ, ಗಟ್ಟಿ ಚೀಲ ಎರಡೂ ಸ್ನಾಯು, ಮಾಂಸ ಇದ್ದಂಗ, ಜಾಸ್ತಿ ಆದ್ರೂ ನಡೀತೈತಿ. ಲಿವರಿನ್ಯಾಗ ವಿಟಮಿನ್ ಎ ಭಾಳ. ದಿನಾ ಹೊಟ್ಟಿತುಂಬ ಹಾಕಿದ್ರ ಮೊದ್ಲು ಹೊಟ್ಟಿ ಕೆಡ್ತೈತಿ, ತಿಂಗಳಗಟ್ಟಲೆ ಹಾಕಿದ್ರ ಎಲುಬು ಕೀಲಿಗೆ ತ್ರಾಸು. ಇಡೀ ಊಟದಾಗ ನೂರಕ್ಕ 5 ಪಾಲು ಸಾಕು. ಕರಿಯ 15 ಕಿಲೋ ಐತಿ, ದಿನಕ್ಕ ಅರ್ಧ ಕಿಲೋ ತಿಂತೈತಿ, ಅಂದ್ರ 25 ಗ್ರಾಂ, ಒಂದು ಲಿವರಿನ ತುಂಡು. ಕ್ಯಾಲ್ಸಿಯಮ್ ಎಲ್ಲಿಂದ ಅಂತೀರೇನು? ನಮ್ಮ ಓಣ್ಯಾಗಿನ ತತ್ತಿ ಸಿಪ್ಪಿ ಎಲ್ಲಾ ಈಗ ನನ್ನ ಹತ್ರ ಬರ್ತಾವು. ಕುದಿಸಿ, ಬಿಸಲಾಗ ಒಣಗಿಸಿ, ಹಳೇ ಮಿಕ್ಸರದಾಗ ಹಿಟ್ಟು ಮಾಡ್ತೇನಿ. ಅರ್ಧ ಕಿಲೋ ಮಾಂಸಕ್ಕ ಅರ್ಧ ಚಮಚೆ. ಆ ಮಿಕ್ಸರ್ ಜಾರ್ ಸಹಿತ ಹಿತ್ತಲದಾಗ.

ತಂಗಿ, ಇದು ನಿನಗ. ನಿಮ್ಮ ಸವಣೂರಾಗ ಕುರಿ ಆಡು ಕಡಿಯೋ ಅಂಗಡ್ಯಾಗ ಗುಳ್ಳಿ ಇದ್ದ ಲಿವರ್, ಪುಪ್ಪುಸ ಕಡದು ನಾಯಿಗೆ ಒಗೀತಾರ ಅಂದಿ. ಅದನ್ನ ಪುಕ್ಕಟ ಕೊಟ್ರೂ ತರಬ್ಯಾಡ. ಆ ನೀರಗುಳ್ಳಿ ಒಂದು ಹುಳದ ಮನಿ. ಹಸೀದು ತಿಂದ ನಾಯಿ ಹೊಟ್ಟ್ಯಾಗ ಸಣ್ಣ ಲಾಡಿಹುಳ ಆಗಿ, ಹೇಲಿನ್ಯಾಗ ತತ್ತಿ ಬಿಡ್ತಾವು. ಅವು ಮಕ್ಕಳ ಕೈಯಿಂದ ಬಾಯಿಗೆ ಹೋದ್ರ ಮನಷ್ಯಾನ ಲಿವರಿನ್ಯಾಗ, ಪುಪ್ಪುಸದಾಗ ಗುಳ್ಳಿ ಬೆಳೀತಾವು, ಆಪರೇಶನ್ ಮಾಡಿ ತಗೀಬೇಕಾಗ್ತೈತಿ. ಕೋಳ್ಯಾಗ ಆ ಹುಳಾ ಇರಂಗಿಲ್ಲ. ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಗುಳಿಗಿ ಡಾಕ್ಟರನ್ನ ಕೇಳಿ ಹಾಕು.

ಮನಿ ದೊಡ್ಡದು, ಸಣ್ಣ ಮಕ್ಕಳಿಲ್ಲ, ನಾಯಿಗೆ ಕಟ್ಟಿಹಾಕೂ ಜಾಗಾ ಬ್ಯಾರೆ ಐತಿ, ಎಲುಬು ಹಾಕೇ ಹಾಕ್ತೇನಿ ಅನ್ನಾವ್ರು ಇರ್ತಾರ. ಅಂಥವ್ರು ನಾಯಿ ಮುಂದ ನಿಂತು ತಿನ್ನಸ್ರಿ, ಗಬಗಬ ನುಂಗೂ ನಾಯಿಗೆ, ಹಲ್ಲು ಬರೂ ಮರಿಗೆ ಹಾಕಬ್ಯಾಡ್ರಿ, ತಿಂದ ಜಾಗಾ ತಾಟು ಬಿಸಿನೀರಲೆ ಸಾಬೂನಲೆ ತಿಕ್ಕ್ರಿ. ಕೋಳಿಜ್ವರದ ಸುದ್ದಿ ಬಂದ್ರ ಹಸೀದು ಮುಟ್ಟೂದ ಬ್ಯಾಡ. ನನ್ನ ಕೈಲೆ ಇಷ್ಟು ನೀಗಂಗಿಲ್ಲ, ಅದಕ್ಕ ಬಿಟ್ಟೆ.

ಹಬ್ಬದ ದಿನಾ ಆಪಾನ ಮನಿಯಿಂದ ಕರಿಯಗ ಬಿರ್ಯಾನಿ ಎಲುಬು ಬರ್ತಿದ್ವು. ಬ್ಯಾಡ ಅನ್ನಾಕ ನನಗ ನಾಚಿಕಿ, ಅವ್ರ ಪ್ರೀತಿಗೆ ಏನ್ ಹೇಳೂದು? ಕಡೀಕ ಗಟ್ಟಿ ಮಾಡಿ ಆಸ್ಪತ್ರಿ ಕತಿ ಹೇಳಿದೆ. ಆಪಾ ಬಾಯಿಮ್ಯಾಲೆ ಕೈ ಇಟ್ಕೊಂಡ್ಲು. ಆಟೋ ತಂದಿದ್ದು ತನ್ನ ಮಗಾ, ಯಾಕ ಅಂತ ಮಾತ್ರ ಆಕಿಗೆ ಗೊತ್ತಿರ್ಲಿಲ್ಲ. ಮೊನ್ನಿ ಹಬ್ಬಕ್ಕ ಮಸಾಲಿ ಹಾಕೂಕಿಂತ ಮೊದ್ಲ ನಾಕ ಗುಂಡಿಗಿ ಬ್ಯಾರೆ ಕುದಿಸಿ, ಎಲಿಯಾಗ ಕಟ್ಟಿ, ಗ್ವಾಡಿ ಮ್ಯಾಲಿಂದ ಕೊಟ್ಲು. ಅತ್ತಿ ಅಲ್ಲೇ ಕುಂತಿದ್ಲು. "ಹೊಸ್ತಿಲ ದಾಟಿಸಬ್ಯಾಡ, ಹಂಗ ಹಿತ್ತಲಕ ಒಯ್ಯಿ" ಅಂದು, ತಾನ ಎದ್ದು ಕರಿಯನ್ನ ಕರದ್ಲು.